ಪ್ರೇಮಲಾದೇವಿಯ ಪಟ್ಟಣ

ಬೋಳಾರದಲ್ಲಿದ್ದ ನಮ್ಮ ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತರೆ ತೆಂಗಿನ ಮರಗಳ ಸಂದಿನಲ್ಲಿ ನೇತ್ರಾವತಿಯ ನೀರು ಬೆಳ್ಳಗೆ ಕಾಣುತ್ತಿತ್ತು. ಅಜ್ಜಿಯನ್ನು ನಾವು ತುಳುವಿನಲ್ಲಿ ‘ದೊಡ್ಡ’ ಎಂದು ಕರೆಯುತ್ತಿದ್ದೆವು. ಊಟವಾದ ಮೇಲೆ ಅವರು ಅಡಕತ್ತರಿ ಹಿಡಿದು ಜಗಲಿಗೆ ಬಂದರೆ ಕತೆ ಆರಂಭವಾಯಿತೆಂದೇ ಅರ್ಥ. ಕತೆ ಯಾವಾಗಲೂ ಒಂದೇ. ಮಲೆಯಾಳ ದೇಶದಲ್ಲಿ ಪ್ರೇಮಲಾದೇವಿ ಎಂಬ ಅರಸಿ ಇದ್ದಳು. ಅವಳ ರಾಜ್ಯದಲ್ಲಿ ಹೆಂಗಸರದೇ ಆಳ್ವಿಕೆ. ಮಚ್ಛೇಂದ್ರನಾಥನೆಂಬ ಜೋಗಿ ಅಲ್ಲಿಗೆ ಬಂದ; ಬಂದವನು ಅಲ್ಲೇ ನಿಂತ. ಕೊನೆಗೆ ಅವನ ಶಿಷ್ಯ ಗೋರಖನಾಥ ಬಂದು ಗುರುವನ್ನು ಎಚ್ಚರಿಸಿ ಕರೆದುಕೊಂಡು ಹೊರಟಾಗ, ಅರಸಿಯೂ ಸಿಂಹಾಸನವನ್ನು ಬಿಟ್ಟು ಅವರ ಹಿಂದೆ ಹೊರಟಳು. ಗುರು ಅವಳಿಗೆ ಮಂಗಳಾದೇವಿ ಎಂದು ಹೊಸ ಹೆಸರಿಟ್ಟ. ನದಿ ದಾಟಿ ಬೋಳಾರಕ್ಕೆ ಬರುವಷ್ಟರಲ್ಲಿ ಅವಳಿಗೆ ಕಾಯಿಲೆಯಾಯಿತು. ಜೋಗಿಗಳು ಕದ್ರಿಯ ಗುಡ್ಡಕ್ಕೆ ಹೋದರು. ಅವಳು ಇಲ್ಲೇ ಉಳಿದಳು, ಇಲ್ಲೇ ತೀರಿಕೊಂಡಳು, ದೇವಿಯಾದಳು. ಅವಳ ಹೆಸರೇ ಊರಿನ ಹೆಸರಾಯಿತು.

“ಅವಳ ಅರಮನೆ ಎಲ್ಲಿತ್ತು?” ಎಂದು ನಾವು ಕೇಳುತ್ತಿದ್ದೆವು. ದೊಡ್ಡ ಅಡಕತ್ತರಿಯನ್ನು ನದಿಯ ಕಡೆಗೆ ಚಾಚಿ, “ಅತ್ತ, ನೀರಿನ ಆಚೆ” ಎನ್ನುತ್ತಿದ್ದರು. ನೀರಿನ ಆಚೆ ನಮಗೆ ಕಾಣುತ್ತಿದ್ದುದು ತೆಂಗಿನ ತೋಪು ಮಾತ್ರ.

ಇದನ್ನು ನಾನು ಕೇಳಿ ಅರುವತ್ತು ವರ್ಷಗಳು ಕಳೆದಿವೆ. ನಡುವೆ ಇತಿಹಾಸದ ಪುಸ್ತಕಗಳನ್ನು ಓದುವ ಚಟ ಹತ್ತಿತು. ಚಟ ಹತ್ತಿದವನು ಮಾಡುವ ಮೊದಲ ಕೆಲಸ ಅಜ್ಜಿಯ ಕತೆಯನ್ನು ತಕ್ಕಡಿಯಲ್ಲಿ ಹಾಕುವುದು. ನಾನೂ ಹಾಕಿದೆ. ತಕ್ಕಡಿ ನಾನೆಣಿಸಿದ್ದಂತೆ ವಾಲಲಿಲ್ಲವಾದ್ದರಿಂದ ಈ ಬರಹ.

ಮೊದಲು ಊರಿನ ಹೆಸರು. ಕ್ರಿ. ಶ. ಆರನೆಯ ಶತಮಾನದಲ್ಲಿ ಬರೆದ ಕಾಸ್ಮಾಸ್ ಎಂಬ ಗ್ರೀಕ್ ವ್ಯಾಪಾರಿ-ಸನ್ಯಾಸಿ, ಕರಿಮೆಣಸು ಸಾಗಿಸುವ ಪಶ್ಚಿಮ ಕರಾವಳಿಯ ರೇವುಗಳನ್ನು ಎಣಿಸುತ್ತ ‘ಮಂಗರೂಥ್’ ಎಂಬ ಒಂದನ್ನು ಹೇಳುತ್ತಾನೆ. ಅದು ನಮ್ಮ ಮಂಗಳೂರೇ ಎಂದು ಹೆಚ್ಚಿನವರ ಅಭಿಪ್ರಾಯ. ಎಂಟನೆಯ ಶತಮಾನದ ಪಾಂಡ್ಯರ ವೇಳ್ವಿಕುಡಿ ತಾಮ್ರಶಾಸನದಲ್ಲಿ, ಅದನ್ನು ಬರೆಸಿದ ಅರಸನ ಪೂರ್ವಜ ಕೋಚ್ಚಡೈಯನ್ ‘ಮಂಗಲಪುರ’ ಎಂಬ ಮಹಾನಗರದಲ್ಲಿ ಮಹಾರಥರನ್ನು ಸೋಲಿಸಿದನೆಂದು ಬರುತ್ತದೆ. ಇದನ್ನೂ ಮಂಗಳೂರೆಂದೇ ಹೇಳಿದವರುಂಟು, ಒಪ್ಪದವರೂ ಉಂಟು. ಒಪ್ಪದಿದ್ದರೂ ಕಾಸ್ಮಾಸನ ಮಾತೊಂದೇ ಸಾಕು: ಜೋಗಿಗಳೂ ಅರಸಿಯೂ ನದಿ ದಾಟುವುದಕ್ಕೆ ನೂರಾರು ವರ್ಷ ಮೊದಲೇ ಈ ರೇವಿಗೆ ‘ಮಂಗ’ದಿಂದ ಆರಂಭವಾಗುವ ಹೆಸರಿತ್ತು. ಅರಸಿಯಿಂದ ಊರಿಗೆ ಹೆಸರು ಬಂದುದಲ್ಲ, ಊರಿನಿಂದ ಅರಸಿಗೆ ಬಂದುದೆಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಹೇಳುವಾಗ ಏನೋ ಗೆದ್ದ ಸಂತೋಷ. ಆ ವಯಸ್ಸೇ ಅಂಥದು.

ಆಮೇಲೆ ಕದ್ರಿಯ ಲೋಕೇಶ್ವರನೆದುರು ನಿಂತೆ. ಮಂಗಳೂರಿನ ಓದುಗರಲ್ಲಿ ಹಲವರು ಕದ್ರಿಗೆ ಹೋಗಿ ಮಂಜುನಾಥನಿಗೆ ಕೈಮುಗಿದು, ಏಳು ಕೆರೆಗಳನ್ನೂ ಗೋಮುಖದ ನೀರನ್ನೂ ನೋಡಿ ಬರುತ್ತಾರೆ. ಲೋಕೇಶ್ವರನ ಪೀಠದ ಮೇಲೆ ಅಕ್ಷರಗಳಿರುವುದನ್ನು ಗಮನಿಸುವವರು ಕಡಿಮೆ. ಕುಳಿತ ಭಂಗಿಯ, ಮೂರು ಮುಖ ಆರು ಕೈಗಳ ಆ ಕಂಚಿನ ಮೂರ್ತಿ ಸುಮಾರು ಐದು ಅಡಿ ಎತ್ತರವಿದೆ. ದಕ್ಷಿಣ ಭಾರತದ ಕಂಚಿನ ಶಿಲ್ಪಗಳಲ್ಲಿ ಇದಕ್ಕೆ ಸರಿಸಾಟಿಯಾದವು ಬೆರಳೆಣಿಕೆಯಷ್ಟು ಎಂದರೆ ಊರಿನ ಅಭಿಮಾನವೆಂದು ಯಾರೂ ತಳ್ಳಿಹಾಕಲಾರರು. ಪೀಠದ ಸಂಸ್ಕೃತ ಶಾಸನದಲ್ಲಿ ಕಲಿವರ್ಷ 4068 ಎಂದಿದೆ, ಅಂದರೆ ಕ್ರಿ. ಶ. 968. ಮೂರ್ತಿಯನ್ನು ಸ್ಥಾಪಿಸಿದವನು ಆಳುಪ ದೊರೆ ಕುಂದವರ್ಮ. ಸ್ಥಾಪಿಸಿದ ಸ್ಥಳ ‘ಕದಿರಿಕಾ’ ಎಂಬ ಹೆಸರಿನ ವಿಹಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಂದವರ್ಮ ತನ್ನನ್ನು ಬಾಲಚಂದ್ರನನ್ನು ಮುಡಿದ ಶಿವನ ಪಾದಕಮಲದ ದುಂಬಿಯೆಂದು ಕರೆದುಕೊಂಡಿದ್ದಾನೆ. ಹಾಗೆಂದ ಶಿವಭಕ್ತನು ನಿಲ್ಲಿಸಿದ್ದು ಲೋಕೇಶ್ವರನನ್ನು. ಆ ಲೋಕೇಶ್ವರನ ಕಿರೀಟದಲ್ಲಿ ಧ್ಯಾನಿಬುದ್ಧನ ಪುಟ್ಟ ಪ್ರತಿಮೆಯಿದೆ. ನಿಲ್ಲಿಸಿದ ಸ್ಥಳದ ಹೆಸರು ದೇಗುಲವಲ್ಲ, ವಿಹಾರ. ಇದು ಬೌದ್ಧರ ಅವಲೋಕಿತೇಶ್ವರನೇ ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಕದ್ರಿಯಲ್ಲಿ ಬೌದ್ಧರ ಜಾಡನ್ನು ಹುಡುಕಿದವರಲ್ಲಿ ಮುಖ್ಯರು. ಶೈವವೂ ಬೌದ್ಧವೂ ಬೆರೆತ ಮೂರ್ತಿಯೆನ್ನುವವರೂ ಇದ್ದಾರೆ. ಅದೇ ದೇವಸ್ಥಾನದಲ್ಲಿ ಮತ್ಸ್ಯೇಂದ್ರನಾಥ, ಗೋರಕ್ಷನಾಥರ ಶಿಲಾಮೂರ್ತಿಗಳೂ ಇವೆ. ಮೇಲೆ ಗುಡ್ಡದಲ್ಲಿ ಜೋಗಿ ಮಠವಿದೆ. ಬುದ್ಧ, ಶಿವ, ನಾಥರು ಮೂವರೂ ಒಂದೇ ಗುಡ್ಡದ ಮೇಲೆ ಇಷ್ಟು ಒತ್ತಾಗಿ ಕುಳಿತ ಜಾಗ ಕರ್ನಾಟಕದಲ್ಲಿ ಇನ್ನೊಂದಿದ್ದರೆ ನಾನು ನೋಡಿಲ್ಲ.

ಇದಕ್ಕೆ ಒಂದು ದೂರದ ಸಾಕ್ಷಿಯನ್ನು ತರುತ್ತೇನೆ. ನೇಪಾಳದ ಪಾಟಣದಲ್ಲಿ ಪ್ರತಿವರ್ಷ ಬೃಹತ್ತಾದ ರಥದಲ್ಲಿ ಒಂದು ಕೆಂಪು ದೇವರನ್ನು ಎಳೆಯುತ್ತಾರೆ. ಬೌದ್ಧರು ಅವನನ್ನು ಲೋಕೇಶ್ವರನೆಂದು ಪೂಜಿಸುತ್ತಾರೆ, ಹಿಂದೂಗಳು ಮಚ್ಛೀಂದ್ರನಾಥನೆನ್ನುತ್ತಾರೆ. ದೇವರು ಒಬ್ಬನೇ. ಹಿಮಾಲಯದ ಬುಡದಲ್ಲಿ ಲೋಕೇಶ್ವರನೂ ಮಚ್ಛೇಂದ್ರನೂ ಒಂದೇ ವಿಗ್ರಹದಲ್ಲಿ ಬೆರೆತಿರುವಾಗ, ಅರಬ್ಬೀ ಸಮುದ್ರದ ದಡದ ಒಂದು ಗುಡ್ಡದಲ್ಲಿ ಅವರಿಬ್ಬರೂ ನೆರೆಮನೆಯವರಾಗಿರುವುದನ್ನು ಆಕಸ್ಮಿಕವೆಂದು ಬಿಡಲು ನನಗೆ ಮನಸ್ಸು ಬರುವುದಿಲ್ಲ. ಕಾಲವೂ ಹೊಂದುತ್ತದೆ. ಕಾಶ್ಮೀರದ ಅಭಿನವಗುಪ್ತ ತನ್ನ ತಂತ್ರಾಲೋಕದ ಆರಂಭದಲ್ಲಿಯೇ ಮಚ್ಛಂದನಿಗೆ ನಮಿಸುತ್ತಾನೆ. ಆ ಗ್ರಂಥ ಹುಟ್ಟಿದ್ದು ಕ್ರಿ. ಶ. 1000ದ ಆಸುಪಾಸಿನಲ್ಲಿ. ಎಂದರೆ ಕುಂದವರ್ಮನ ಕಾಲಕ್ಕೆ ಆ ಗುರುವಿನ ಹೆಸರು ಹಬ್ಬಿರಲು ಅಡ್ಡಿಯಿಲ್ಲ. ನಮ್ಮ ಊರಿನ ಐತಿಹ್ಯವೂ, ಜೋಗಿಗಳಿಬ್ಬರು ನೇತ್ರಾವತಿಯನ್ನು ದಾಟಿ ಬಂದುದು ಕುಂದವರ್ಮನ ಆಳ್ವಿಕೆಯಲ್ಲಿ ಎಂದೇ ಹೇಳುತ್ತದೆ. ಅಜ್ಜಿಯ ಕತೆಯಲ್ಲಿ ದೊರೆಯ ಹೆಸರಿರಲಿಲ್ಲ. ಆದರೆ ಹೆಸರಿಟ್ಟು ಹೇಳುವವರ ಬಾಯಲ್ಲಿ ಅವನು ಶಾಸನದ ದೊರೆಯೇ. ಜನರ ನೆನಪು ಈ ಒಂದು ಗಂಟನ್ನು ಸಾವಿರ ವರ್ಷ ಬಿಚ್ಚದೆ ಇಟ್ಟುಕೊಂಡಿತೋ, ಅಥವಾ ಪೀಠದ ಅಕ್ಷರ ಓದಬಲ್ಲ ಯಾರೋ ನಡುವೆ ಕಟ್ಟಿದರೋ, ಎರಡೂ ಸಾಧ್ಯ.

ಇನ್ನು ಹೆಂಗಸರ ರಾಜ್ಯ. ಕನ್ನಡ ಓದುಗರಿಗೆ ಇದು ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ಸ್ತ್ರೀರಾಜ್ಯವನ್ನು ಹೊಕ್ಕು, ರಾಣಿ ಪ್ರಮೀಳೆ ಅದನ್ನು ಕಟ್ಟಿಹಾಕಿದ್ದನ್ನೂ ಅರ್ಜುನ ಅವಳನ್ನು ವರಿಸಲು ಒಪ್ಪಿ ಪಾರಾದದ್ದನ್ನೂ ನಮ್ಮ ಹಿರಿಯರು ಗಮಕಿಗಳ ಬಾಯಿಂದ ಕೇಳಿದ್ದಾರೆ. ನಮ್ಮ ಜಿಲ್ಲೆಯವರು ಯಕ್ಷಗಾನದ ರಂಗಸ್ಥಳದಲ್ಲಿ ಕಂಡಿದ್ದಾರೆ. ಪ್ರಮೀಳೆ, ಪ್ರೇಮಲೆ, ಹೆಸರುಗಳ ಹೋಲಿಕೆಯನ್ನು ವಾಚಕರೇ ಗಮನಿಸಲಿ. ಈ ರಾಜ್ಯ ಎಲ್ಲಿತ್ತೆಂದು ಹುಡುಕಹೊರಟವರು ಭರತಖಂಡವನ್ನೆಲ್ಲ ಸುತ್ತಬೇಕಾಗುತ್ತದೆ. ವರಾಹಮಿಹಿರ ಅದನ್ನು ವಾಯವ್ಯಕ್ಕೆ ಇಟ್ಟ. ಕಲ್ಹಣನ ರಾಜತರಂಗಿಣಿಯಲ್ಲಿ ಲಲಿತಾದಿತ್ಯನ ದಂಡಯಾತ್ರೆ ಅಲ್ಲಿಗೂ ಮುಟ್ಟುತ್ತದೆ. ಅದು ಕಾಶ್ಮೀರದ ಉತ್ತರಕ್ಕೆ. ಕೆಲವು ನಾಥಪಂಥಿಗಳು ಅಸ್ಸಾಮಿನ ಕಾಮರೂಪವೆನ್ನುತ್ತಾರೆ. ನಮ್ಮವರು ಮಲೆಯಾಳವೆಂದರು. ಯಾರೂ ತಮ್ಮ ಊರೇ ಅದೆಂದು ಹೇಳಿಲ್ಲ ಎಂಬುದು ತಮಾಷೆಯ ಸಂಗತಿ. ಹೆಂಗಸರ ರಾಜ್ಯ ಯಾವಾಗಲೂ ನದಿಯ ಆಚೆ ದಡದಲ್ಲಿಯೇ ಇರಬೇಕು!

ನಾಥರ ಕತೆಗಳಲ್ಲಿ ಮಚ್ಛೇಂದ್ರ ಮರುಳಾಗಿ ನಿಂತ ಆ ನಾಡಿಗೆ ಇನ್ನೊಂದು ಹೆಸರುಂಟು: ಕದಲೀ. ಬಾಳೆಯ ವನ. ಕದಲೀವನವೆಂದರೆ ಕನ್ನಡಿಗರಿಗೆ ನೆನಪಾಗುವುದು ಶ್ರೀಶೈಲ, ಅಕ್ಕಮಹಾದೇವಿ. ಮಂಗಳೂರಿನವರಿಗೆ ನೆನಪಾಗುವುದು ಕದ್ರಿ. ಜೋಗಿ ಮಠಕ್ಕೆ ಕದಳೀ ಮಠವೆಂಬ ಹೆಸರೂ ಬಳಕೆಯಲ್ಲಿದೆ. ಕದಲಿಯಿಂದ ಕದ್ರಿಯಾಯಿತೆಂದು ಹೇಳುವುದು ಸುಲಭ. ಆದರೆ 968ರ ಶಾಸನದಲ್ಲಿರುವುದು ಕದಿರಿಕಾ. ಸಂಸ್ಕೃತ ಬಲ್ಲ ಶಾಸನಕವಿ ಕದಲಿಯೆಂಬ ಸಲೀಸಾದ ಮಾತನ್ನು ಬಿಟ್ಟು ಕದಿರಿಕಾ ಎಂದು ಬರೆಯಲು ಕಾರಣವಿಲ್ಲ. ಬಾಳೆಯ ವನ ಆಮೇಲೆ ಬಂದದ್ದೆಂದೇ ನನ್ನ ಎಣಿಕೆ.

ಇಲ್ಲಿಯವರೆಗೂ ನಾನು ಅಜ್ಜಿಯನ್ನು ಸೋಲಿಸುತ್ತಲೇ ಬಂದಿದ್ದೆ. ತಡೆದು ನಿಲ್ಲಿಸಿದ್ದು ಬಂಗಾಳ. ಬಂಗಾಳಿಯಲ್ಲಿ ಗೋರಕ್ಷವಿಜಯ ಎಂಬ ಹಳೆಯ ಕಥನಕಾವ್ಯವಿದೆ. ಅದರಲ್ಲಿ ಗುರು ಮೀನನಾಥ ಕದಲೀ ರಾಜ್ಯದ ಹೆಂಗಸರ ನಡುವೆ ಮೈಮರೆತಿರುತ್ತಾನೆ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲವಾದ್ದರಿಂದ ಶಿಷ್ಯ ಗೋರಕ್ಷ ನರ್ತಕಿಯ ವೇಷ ಹಾಕಿ ಒಳಹೊಕ್ಕು, ಮದ್ದಳೆಯ ನುಡಿಯಲ್ಲಿಯೇ ಗುರುವಿಗೆ ಎಚ್ಚರಿಕೆ ಕೊಡುತ್ತಾನೆ. ಆ ಕದಲೀ ರಾಜ್ಯದ ಪಟ್ಟದ ರಾಣಿಯರಿಬ್ಬರು. ಒಬ್ಬಳ ಹೆಸರು ಕಮಲಾ. ಇನ್ನೊಬ್ಬಳ ಹೆಸರು ಮಂಗಲಾ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬೋಳಾರಕ್ಕೆ ನಡೆದುಹೋದೆ. ಬಂಗಾಳದ ಹಳ್ಳಿಯ ಹಾಡುಗಾರನಿಗೂ ನೇತ್ರಾವತಿಯ ದಡದ ನಮ್ಮ ದೊಡ್ಡಳಿಗೂ ಒಂದೇ ಕತೆ, ಒಂದೇ ರಾಣಿ. ರೈಲು, ಅಂಚೆ, ಅಚ್ಚು ಯಾವುದೂ ಇಲ್ಲದ ಕಾಲದಲ್ಲಿ ಇದು ಸಾಗಿದ ದಾರಿ ಯಾವುದು? ಉತ್ತರ ಕದ್ರಿಯಲ್ಲಿ ಇಂದಿಗೂ ಕಾಣಸಿಗುತ್ತದೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ತ್ರ್ಯಂಬಕೇಶ್ವರದ ಕುಂಭಮೇಳದಲ್ಲಿ ಜೋಗಿಗಳು ಕದ್ರಿಗೆ ಹೊಸ ‘ರಾಜ’ನನ್ನು ಆರಿಸುತ್ತಾರೆ. ಅವನೊಡನೆ ಜೋಗಿಗಳ ತಂಡ ಪಾತ್ರದೇವತೆಯನ್ನು ಹೊತ್ತು ಕಾಲ್ನಡಿಗೆಯಲ್ಲಿ ತಿಂಗಳುಗಟ್ಟಲೆ ನಡೆದು ಮಂಗಳೂರನ್ನು ಮುಟ್ಟುತ್ತದೆ, ಶಿವರಾತ್ರಿಯಂದು ಪಟ್ಟಾಭಿಷೇಕ. ಹಿಂದಿನದು 2016ರಲ್ಲಿ ನಡೆಯಿತು. ಉತ್ತರ ಹಿಂದೂಸ್ಥಾನದ ಮೂಲೆಮೂಲೆಯ ಜೋಗಿಗಳು ಆ ತಂಡದಲ್ಲಿರುತ್ತಾರೆ. ಕಾಲುಗಳು ನಡೆದಲ್ಲೆಲ್ಲ ಕತೆಯೂ ನಡೆಯುತ್ತದೆ. ಕದಲೀ ರಾಜ್ಯದ ಮಂಗಲೆಯ ಕತೆಯನ್ನು ಹೊತ್ತು ಬಂದ ಜೋಗಿಗಳು, ಕದಿರಿಕಾ ಎಂಬ ಗುಡ್ಡವನ್ನೂ ಮಂಗಲಪುರವೆಂಬ ಪೇಟೆಯನ್ನೂ ಒಂದೇ ಕಡೆ ಕಂಡಾಗ, “ನಮ್ಮ ಕತೆ ನಡೆದದ್ದು ಇಲ್ಲೇ” ಎಂದು ಕೂಗಿದ್ದರೆ ಆಶ್ಚರ್ಯವೇನು? ಅಥವಾ ಇಲ್ಲಿಂದಲೇ ಕತೆ ಅತ್ತ ನಡೆದಿರಲೂಬಹುದು. ಶಾಸನದ ಕದಿರಿಕಾ ಬಂಗಾಳಿ ಕಾವ್ಯಕ್ಕಿಂತ ಬಹಳ ಹಳೆಯದೆಂಬುದನ್ನು ಮರೆಯುವಂತಿಲ್ಲ. ಮೊದಲು ಊರು, ಬಳಿಕ ಅರಸಿ ಎಂದು ಗೆದ್ದು ಬೀಗಿದವನಿಗೆ ಈಗ ಹಾಗೆ ಸುಲಭವಾಗಿ ಬಾಯಿಬರುವುದಿಲ್ಲ.

ಅರಮನೆಯ ಪ್ರಶ್ನೆ ಉಳಿಯಿತು. ಆಳುಪರು ಉದ್ಯಾವರ, ಮಂಗಲಪುರ, ಬಾರಕೂರುಗಳಿಂದ ಆಳಿದರೆಂದು ಶಾಸನಗಳಿಂದ ತಿಳಿಯುತ್ತದೆ. ಕ್ರಿ. ಶ. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ ಪಾರಸಿಕ, ಯೆಮೆನ್ ವರ್ತಕರು ಇಳಿಯುವ ದೊಡ್ಡ ರೇವನ್ನೂ, ನಾಲ್ಕು ಸಾವಿರ ಮುಸಲ್ಮಾನರ ಕೇರಿಯನ್ನೂ, ರಾಮದೇವನೆಂಬ ದೊರೆಯನ್ನೂ ಕಂಡ. ನೂರು ವರ್ಷಗಳ ಬಳಿಕ, 1443ರಲ್ಲಿ, ಹೀರಾತಿನ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಿಂದ ಮೂರು ಹರದಾರಿಯೊಳಗೆ ಎರಕದ ಹಿತ್ತಾಳೆಯ ದೇಗುಲವೊಂದನ್ನೂ ಮಾಣಿಕ್ಯದ ಕಣ್ಣಿನ ಮೂರ್ತಿಯನ್ನೂ ಕಂಡು ಬೆರಗಾದ. (ಅದು ಕದ್ರಿಯೆಂದು ಹೇಳಬಯಸುವವರು ದೂರದ ಲೆಕ್ಕವನ್ನು ಸ್ವಲ್ಪ ಅದುಮಬೇಕಾಗುತ್ತದೆ.) ಇಷ್ಟೆಲ್ಲ ಇದ್ದ ಊರಿನಲ್ಲಿ ಆ ಕಾಲದ ಅರಮನೆಯ ಒಂದು ಗೋಡೆಯನ್ನು ತೋರಿಸಿ ಎಂದರೆ ತೋರಿಸುವವರಿಲ್ಲ. ಹಂಪೆಯನ್ನು ನೋಡಿ ಬಂದವರಿಗೆ ಇದು ಅವಮಾನದಂತೆ ಕಾಣುತ್ತದೆ. ಹಾಗಾದರೆ ರಾಜಧಾನಿಯೆಂಬುದೇ ಕಟ್ಟುಕತೆಯೆ?

ಇದಕ್ಕೆ ಉತ್ತರವನ್ನು ನಾನು ಕಂಡದ್ದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯ ಪತ್ರಗಳಲ್ಲಿ. 1623ರ ಡಿಸೆಂಬರಿನಲ್ಲಿ ಆತ ಮಂಗಳೂರಿನ ಸುತ್ತ ತಿರುಗಾಡಿದ. ಉಳ್ಳಾಲದ ರಾಣಿಯನ್ನು ನೋಡಬೇಕೆಂಬ ಆಸೆಯಿಂದ ಮಾಣೇಲಿಗೆ ಹೋದ. ರಾಣಿ ಅವನಿಗೆ ಸಿಂಹಾಸನದ ಮೇಲೆ ಸಿಗಲಿಲ್ಲ. ಬರಿಗಾಲಲ್ಲಿ, ಹತ್ತಿಯ ಬಟ್ಟೆಯುಟ್ಟು, ಓಲೆಯ ಕೊಡೆಯಡಿ, ಹೊಲಕ್ಕೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತ ನಿಂತಿದ್ದಳು. ಅದೇ ಪಯಣದಲ್ಲಿ ‘ಜೋಗಿಗಳ ರಾಜ’ನನ್ನು ಕಾಣಲು ಕದ್ರಿಯ ಗುಡ್ಡ ಹತ್ತಿದ. ಅಲ್ಲಿಯೂ ಅದೇ. ಬಿಳಿಗಡ್ಡದ ಗಟ್ಟಿಮುಟ್ಟಾದ ಮುದುಕ, ಕಿವಿಯಲ್ಲಿ ಚಿನ್ನದ ಗುಂಡು, ತಲೆಗೆ ಕೆಂಪು ಟೊಪ್ಪಿ. ಬೇಸಾಯದ ಮೇಸ್ತ್ರಿಯಂತೆ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ. ರೋಮಿನ ಶ್ರೀಮಂತನಿಗೆ ನಿರಾಶೆಯಾಯಿತು. ನನಗೆ ಆ ಪುಟಗಳನ್ನು ಓದಿ ಕಣ್ಣು ತೆರೆಯಿತು. ಗದ್ದೆಯ ಬದುವಿನಲ್ಲಿ ನಿಲ್ಲುವ ಅರಸರಿಗೆ ಕಲ್ಲಿನ ಕೋಟೆಯಂಥ ಅರಮನೆ ಏತಕ್ಕೆ? ಮುರಕಲ್ಲು, ಮಣ್ಣು, ಹಲಸಿನ ಮರ, ಹುಲ್ಲಿನ ಮಾಡು. ವರ್ಷಕ್ಕೆ ಮೂರೂವರೆ ಮೀಟರಿಗೂ ಮೀರಿ ಸುರಿಯುವ ಮಳೆಗೆ ಒಂದು ತಲೆಮಾರು ಮಾಡು ಹೊದಿಸದಿದ್ದರೆ ಮುಂದಿನವರಿಗೆ ಸಿಗುವುದು ಹುತ್ತ ಮಾತ್ರ. ನಾವು ಕಲ್ಲನ್ನು ದೇವರಿಗೆ ಕೊಟ್ಟೆವು, ಅರಸರಿಗೆ ಮರವೇ ಸಾಕಾಯಿತು.

ಹೆಂಗಸರ ರಾಜ್ಯದ ವಿಚಾರದಲ್ಲಿ ಕೂಡ ನಾನು ದೂರ ಹುಡುಕಿದೆನೆಂದು ಈಗ ಅನ್ನಿಸುತ್ತದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಾರಕೂರಿನಿಂದ ಆಳುಪ ರಾಜ್ಯವನ್ನು ಆಳಿದವಳು ಬಲ್ಲಮಹಾದೇವಿ. ಹದಿನಾಲ್ಕರಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಅಲ್ಲಿಯೇ ಆಳಿದಳು. ಉಳ್ಳಾಲದ ಅಬ್ಬಕ್ಕರ ವಿಷಯ ಎಲ್ಲರಿಗೂ ಗೊತ್ತು. ಬಾರಕೂರಿಗೆ ಶಾಸನಗಳಲ್ಲಿ ಬಾರಹಕನ್ಯಾಪುರವೆಂಬ ಹೆಸರೂ ಇದೆ. ಜನ ಅದರಿಂದ ಹನ್ನೆರಡು ಕನ್ಯೆಯರ ಕತೆಯೊಂದನ್ನು ಹೊಸೆದಿದ್ದಾರೆ. ಇವೆಲ್ಲಕ್ಕೂ ತಳದಲ್ಲಿರುವುದು ಅಳಿಯಸಂತಾನ. ದೇವ ಪಾಂಡ್ಯನ ಹಡಗಿಗೆ ಕುಂಡೋದರ ಭೂತ ನರಬಲಿ ಕೇಳಿದಾಗ ಹೆಂಡತಿ ಮಕ್ಕಳನ್ನು ಕೊಡಲಿಲ್ಲ, ತಂಗಿ ಮಗನನ್ನು ಕೊಡಲು ಒಪ್ಪಿದಳು, ಅಂದಿನಿಂದ ಆಸ್ತಿ ತಂಗಿಯ ಮಕ್ಕಳಿಗೆ ಎಂಬ ಕತೆ ಯಾರಿಗೆ ಗೊತ್ತಿಲ್ಲ? ಉತ್ತರದಿಂದ ನಡೆದು ಬಂದ ಜೋಗಿಗೆ, ಮನೆಯ ಹೆಸರು, ಗದ್ದೆ, ದೈವದ ಕೋಣೆಯ ಬೀಗದ ಕೈ ಎಲ್ಲ ತಾಯಿಯ ಕಡೆಯಿಂದ ಇಳಿಯುವ ಈ ಕರಾವಳಿ, ಅದಕ್ಕೂ ತೆಂಕಲ ಮಲೆಯಾಳ, ಸ್ತ್ರೀರಾಜ್ಯದಂತೆ ಕಂಡಿದ್ದರೆ ತಪ್ಪೇನು?

ದೊಡ್ಡಳಿಗೆ ಮಾತ್ರ ಆ ರಾಜ್ಯದಲ್ಲಿ ಬೆರಗಿನದೇನೂ ಕಾಣುತ್ತಿರಲಿಲ್ಲ. ನಾವು ಮಕ್ಕಳು ಬಾಯಿಬಿಟ್ಟುಕೊಂಡು “ಹೆಂಗಸರೇ ಆಳುವುದೇ?” ಎಂದರೆ, “ಮತ್ತೆ ಈ ಮನೆಯನ್ನು ಯಾರು ಆಳುವುದು ಮಗಾ, ನಿನ್ನ ಅಜ್ಜನೆ?” ಎಂದು ಅಡಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಜ್ಜ ಅವರ ಮನೆಗೆ ಬಂದುಹೋಗುವ ನೆಂಟ. ಅವರ ಕುಟುಂಬಕ್ಕೆ ಅವರೇ ಯಜಮಾನ್ತಿ.

1949ರ ಅಳಿಯಸಂತಾನ ಕಾಯಿದೆ ಕುಟುಂಬವನ್ನು ಕವರುಗಳಾಗಿ ಪಾಲು ಮಾಡಿಕೊಳ್ಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದುದನ್ನು ಮುಗಿಸುತ್ತ ಬಂತು. ಕಾಯಿದೆಗಳು ಕೆಟ್ಟವೆಂದು ನಾನು ಹೇಳಲಾರೆ; ಕೂಡುಕುಟುಂಬದಲ್ಲಿ ಉಸಿರು ಕಟ್ಟಿದವರೂ ಇದ್ದರು, ಸೋದರಮಾವಂದಿರ ದರ್ಬಾರಿನಲ್ಲಿ ಯಜಮಾನ್ತಿ ಹೆಸರಿಗೆ ಮಾತ್ರ ಆಗಿದ್ದ ಮನೆಗಳೂ ಇದ್ದವು. ನಮ್ಮಲ್ಲಿ ಪಾಲಾದದ್ದು ದೊಡ್ಡ ತೀರಿಕೊಂಡ ಎರಡನೆಯ ವರ್ಷ. ಏಳು ಕವರು, ಏಳು ಪಾಲು. ಜಗಲಿ ಯಾರ ಪಾಲಿಗೂ ಪೂರ್ತಿ ಬರಲಿಲ್ಲವಾದ್ದರಿಂದ ಮೊದಲು ಅದನ್ನೇ ಕೆಡವಿದರು. ಈಗ ಅಲ್ಲಿ ನಾಲ್ಕು ಮಾಳಿಗೆಯ ವಸತಿ ಕಟ್ಟಡವಿದೆ. ಬಾವಿಯನ್ನು ಮುಚ್ಚಿಲ್ಲ.

ಕದ್ರಿಯ ಜಾತ್ರೆಯ ದಿನಗಳಲ್ಲಿ ಜೋಗಿ ಮಠದ ಅರಸರು ಬೋಳಾರದ ಮಂಗಳಾದೇವಿಗೆ ರೇಷ್ಮೆಯ ಸೀರೆ ತಂದು ಪೂಜೆ ಸಲ್ಲಿಸುವ ಪದ್ಧತಿಯುಂಟು. ಶಾಸನವಿಲ್ಲ, ಕರಾರುಪತ್ರವಿಲ್ಲ, ಗುಡ್ಡದಿಂದ ನದಿಯ ದಡಕ್ಕೆ ಒಂದು ಸೀರೆ ಬರುತ್ತದೆ, ಅಷ್ಟೆ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಜನರ ನಡುವೆ ಎತ್ತಿಕೊಳ್ಳಬೇಕಾಯಿತು. ಯಾರಿಗೆ ಸೀರೆ, ಯಾಕೆ ಎಂದು ಕೇಳಿದಳು, ತಿಳಿದಷ್ಟು ಹೇಳಿದೆ. ಕುಂದವರ್ಮನನ್ನೂ ಬಂಗಾಳವನ್ನೂ ಬಿಟ್ಟು ಹೇಳಿದೆ. ಅರಸಿಯ ಅರಮನೆ ಎಲ್ಲಿತ್ತೆಂದು ಕೇಳಿದಾಗ ನನ್ನ ಕೈ ನದಿಯ ಕಡೆಗೆ ಹೋಯಿತು. ನಡುವೆ ಕಟ್ಟಡಗಳಿದ್ದುದರಿಂದ ಅವಳಿಗೆ ನೀರು ಕಾಣಲಿಲ್ಲ.